ಕಿಟಕಿ ಪಕ್ಕದ ಮಂಚ

"ಅಲ್ಲೇ ನಿಲ್ಲಿಸು. ಆ ಸಾಲು ಇನ್ನೊಂದ್ಸಲ ಓದು."

ಸೊಸೆ ಪುಸ್ತಕದಿಂದ ತಲೆಯೆತ್ತಿದಳು. ಅತ್ತೆಗೆ ನಿದ್ದೆ ಹತ್ತಿತೆಂದುಕೊಂಡು ಅವಳು ಆಗಲೇ ದನಿ ತಗ್ಗಿಸಿದ್ದಳು.

ಇನ್‌ಸ್ಪೆಕ್ಟರಮ್ಮ ದಿಂಬುಗಳನ್ನು ಏರಿಸಿಕೊಂಡು ಗೋಡೆಗೆ ಒರಗಿದ್ದರು. ಬಲಗಣ್ಣಿನ ಮೇಲೆ ಬಿಳಿ ಪಟ್ಟಿ. ಪೊರೆ ತೆಗೆದ ಡಾಕ್ಟರು ಓದುವುದು ಬೇಡ, ಬಗ್ಗುವುದು ಬೇಡ, ಒಲೆ ಮುಂದೆ ನಿಲ್ಲುವುದು ಬೇಡ ಎಂದು ಹೇಳಿ ಕಳಿಸಿದ್ದರು. ಕೇಳುವುದು ಬೇಡ ಎಂದಿರಲಿಲ್ಲ. ಕೆಲಸದಿಂದ ನಿವೃತ್ತರಾಗಿ ಎಷ್ಟೋ ಕಾಲವಾಗಿದ್ದರೂ ಬೀದಿಯವರೆಲ್ಲ ಅವರನ್ನು ಇನ್‌ಸ್ಪೆಕ್ಟರಮ್ಮ ಎಂದೇ ಕರೆಯುತ್ತಿದ್ದರು. ಅವರೂ ಆ ಹೆಸರಿಗೆ ಓಗೊಡುತ್ತಿದ್ದರು.

ಸೊಸೆ ಬೆರಳಿಟ್ಟು ಸಾಲು ಹುಡುಕಿ ಮತ್ತೆ ಓದಿದಳು.

'ಕಿಟಕಿಯ ಪಕ್ಕಕ್ಕೆ ಹೋದ ಮೇಲೆ ಮೊದಮೊದಲು ನನಗೆ ನಿದ್ದೆಯೇ ಬರಲಿಲ್ಲ. ಅಲ್ಲಿಯವರೆಗೆ ಯಾರು ಒಳಗೆ ಬಂದರೂ ಬಾಗಿಲು ನನ್ನ ಮಂಚದ ಕಾಲಿಗೆ ಬಡಿದು ಎಬ್ಬಿಸುತ್ತಿತ್ತು. ಆ ಸದ್ದು ತಪ್ಪಿದ್ದಕ್ಕೆ ಏನೋ ಕಳೆದುಕೊಂಡ ಹಾಗಿತ್ತು.'

"ಚೆನ್ನಾಗಿ ಬರ್ದಿದ್ದಾನೆ, ಅಲ್ವಾ ಅತ್ತೆ?"

"ಚೆನ್ನಾಗೇ ಬರ್ದಿದ್ದಾನೆ. ಮೊದಲನೇ ದಿನ ಓದಿದ್ಯಲ್ಲ, ಮಂಚದ ಮಾತು, ಅದನ್ನ ತೆಗಿ. ಯಾರು ಯಾರಿಗೆ ಬಿಟ್ಟುಕೊಟ್ಟಿದ್ದು?"

ಸೊಸೆ ಹಾಳೆ ಹಿಂದಕ್ಕೆ ತಿರುವಿದಳು. ಅವಳಿಗೆ ಇಷ್ಟವಾದ ಕಡೆಯಲ್ಲೆಲ್ಲ ಮಾತ್ರೆಯ ಚೀಟಿಗಳನ್ನು ಸಿಕ್ಕಿಸಿಟ್ಟಿದ್ದಳು. ಬೆಳಿಗ್ಗೆ ಅವಳಿಗೆ ಔಷಧಿ ಅಂಗಡಿಯಲ್ಲಿ ಕೆಲಸ. ಮಧ್ಯಾಹ್ನ ಬಂದು ಕೈಕಾಲು ತೊಳೆದವಳೇ ಪುಸ್ತಕ ಹಿಡಿಯುತ್ತಿದ್ದಳು. ಅದರ ನಡುವೆ ಹಾಲು ಉಕ್ಕಿತ್ತು, ಬೇಳೆ ಸೀದಿತ್ತು. ತನಗೆ ಈಗೀಗ ಸಾರಿಗಿಂತ ಹೆಣದ ಸುದ್ದಿಯನ್ನೇ ಹೆಚ್ಚು ಬಡಿಸುತ್ತಿದ್ದೀರಿ ಎಂದು ಅವಳ ಗಂಡ ಗೊಣಗಿದ್ದೂ ಆಗಿತ್ತು.

ಚೀಟಿ ಸಿಕ್ಕಿತು. ಅವಳು ಓದಿದಳು.

'ಅವನ ಕೆಮ್ಮು ನೋಡಲಾರದೆ ಕಿಟಕಿ ಪಕ್ಕದ ನನ್ನ ಮಂಚವನ್ನು ಅವನಿಗೆ ಬಿಟ್ಟುಕೊಟ್ಟು ನಾನು ಬಾಗಿಲ ಪಕ್ಕಕ್ಕೆ ಬಂದೆ.'

ಹಾಳೆಗಳನ್ನು ಮುಂದಕ್ಕೂ ಹಿಂದಕ್ಕೂ ತಿರುವಿ ಎರಡೂ ಸಾಲುಗಳನ್ನು ನೋಡಿದಳು.

ಬರೆದವನಿಗೆ ಮರೆತುಹೋಗಿರಬೇಕು ಎಂದಳು ಸೊಸೆ. ಇಷ್ಟು ದಪ್ಪ ಪುಸ್ತಕದಲ್ಲಿ ಮಂಚ ಅತ್ತ ಇತ್ತ ಆದರೆ ಏನಂತೆ. ಅವನು ಮನಸ್ಸು ನೋಯಿಸಿಕೊಂಡದ್ದನ್ನು ನೋಡಬೇಕು, ಎಂಥ ಒಂಟಿ ಜೀವ, ಅಂಥವನು ಯಾರನ್ನಾದರೂ ತಳ್ಳುತ್ತಾನೆಯೇ ಎಂದು ಅವಳು ಅವನ ಪರವಾಗಿ ವಾದಕ್ಕೇ ನಿಂತಳು. ಮೊದಲ ಪುಟದಿಂದಲೂ ಅವಳಿಗೆ ಅವನ ಮೇಲೆ ಕರುಣೆ. ಆ ಪುಟದಲ್ಲಿ ಅವನು 'ಈ ಕಥೆಯಲ್ಲಿ ಸತ್ತವನು ಒಬ್ಬನೇ, ಆದರೆ ಬದುಕಿ ಉಳಿದವರು ಯಾರೂ ಇಲ್ಲ' ಎಂದು ಬರೆದಿದ್ದ. ಅವಳು ಮೊದಲ ಚೀಟಿ ಸಿಕ್ಕಿಸಿದ್ದು ಅಲ್ಲೇ.

ಇನ್‌ಸ್ಪೆಕ್ಟರಮ್ಮನಿಗೆ ನಗು ಬಂತು. ಬಹಳ ವರ್ಷ ಅವರ ಎದುರು ಬೆಂಚಿನ ಮೇಲೆ ಕೂತು 'ನಾನು' 'ನಾನು' ಎಂದು ಕಥೆ ಹೇಳಿದವರು ಒಬ್ಬಿಬ್ಬರಲ್ಲ.

"ದೊಡ್ಡ ಸುಳ್ಳನ್ನ ಎಲ್ರೂ ಜೋಪಾನವಾಗೇ ಹೇಳ್ತಾರಮ್ಮ. ಎಲ್ಲಿ ಮಲಗ್ತಿದ್ದೆ, ಎಲ್ಲಿ ಚಪ್ಪಲಿ ಬಿಟ್ಟೆ ಅನ್ನೋ ಕಡೆ ಬಾಯಿ ತಾನಾಗೇ ನಿಜ ಆಡ್ಬಿಡುತ್ತೆ. ಬಾಗಿಲು ಬಡಿಯೋದು ಇವನ ಮೈಗೆ ನೆನಪಿದೆ. ಅದು ಕಟ್ಟಿದ ಮಾತಲ್ಲ."

"ಹಾಗಾದ್ರೆ?"

"ಹಾಗಾದ್ರೆ ಇವನು ಕಿಟಕಿ ಬಿಟ್ಟುಕೊಟ್ಟೋನಲ್ಲ. ಇಸ್ಕೊಂಡೋನು."

ಸೊಸೆ ಪುಸ್ತಕ ಮುಚ್ಚಿ ಮಡಿಲಲ್ಲಿಟ್ಟುಕೊಂಡಳು. ಆ ಕಪ್ಪು ರಟ್ಟು ಆಗ ಅವಳ ಕೈಗೆ ಭಾರವೆನಿಸಿತು.

* * *

ಇಪ್ಪತ್ತೈದು ವರ್ಷದ ಹಿಂದೆ ಕಾಲೇಜಿನ ಹಿಂದಿದ್ದ ಕಲ್ಲುಗಣಿಯ ಹೊಂಡದಲ್ಲಿ ಒಂದು ಹೆಣ ತೇಲಿತ್ತು. ಹಾಸ್ಟೆಲಿನ ಒಂದೇ ಕೋಣೆಯ ಹುಡುಗರಿಬ್ಬರು ಅದಕ್ಕೆ ಮೊದಲೇ ಕಾಣೆಯಾಗಿದ್ದರು. ಒಬ್ಬನನ್ನು ಗುಬ್ಬಿ ಎಂದು ಕರೆಯುತ್ತಿದ್ದರು, ಬಾಯಿ ಮುಚ್ಚುತ್ತಿರಲಿಲ್ಲ. ಇನ್ನೊಬ್ಬ ಮೌನಿ, ಬಾಯಿ ತೆರೆಯುತ್ತಿರಲಿಲ್ಲ. ಇಬ್ಬರದೂ ಒಂದೇ ಎತ್ತರ, ಒಂದೇ ಮೈಕಟ್ಟು. ನೀರಿನಲ್ಲಿ ಬಹಳ ದಿನ ಇದ್ದ ಮುಖ ಗುರುತು ಹೇಳಲಿಲ್ಲ. ಅಂಗಿಯ ಕಾಲರಿನೊಳಗೆ ಹಾಸ್ಟೆಲ್ ಲಾಂಡ್ರಿಯ ಕೆಂಪು ದಾರದ ಹೊಲಿಗೆ ಇತ್ತು. ಅದನ್ನೂ ಗುಬ್ಬಿಯ ಅಕ್ಕನ ಮಾತನ್ನೂ ನಂಬಿ ಪೊಲೀಸರು ಸತ್ತವನು ಗುಬ್ಬಿ ಎಂದರು. ಮೌನಿ ಓಡಿಹೋಗಿದ್ದಾನೆ, ಓಡಿಹೋದವನೇ ತಳ್ಳಿದವನು ಎಂದು ಬರೆದು ಕಡತ ಕಟ್ಟಿದರು. ಇನ್‌ಸ್ಪೆಕ್ಟರಮ್ಮ ಆಗ ಬೇರೆ ಊರಿನ ಠಾಣೆಯಲ್ಲಿದ್ದರು.

ಮೌನಿಯ ತಂದೆ ಬೋರ್ಡು ಬರೆಯುವ ಪೇಂಟರು. ಒಂದು ಕಾಲದಲ್ಲಿ ಆ ಊರಿನ ಅರ್ಧ ಅಂಗಡಿಗಳ ಹೆಸರು ಅವರ ಕೈಬರಹ. ಮಗನ ಸುದ್ದಿಯಾದ ಮೇಲೆ ಯಾರೂ ಕರೆಯಲಿಲ್ಲ. ಕೊಲೆಗಾರನ ಅಪ್ಪ ಬರೆದ ಹೆಸರನ್ನು ಯಾರು ತಾನೇ ತಮ್ಮ ಬಾಗಿಲಿಗೆ ಹಾಕಿಕೊಂಡಾರು. ಅಂದಿನಿಂದ ಅವರು ಗಾಡಿಗಳ ನಂಬರು, ನೀರಿನ ಟ್ಯಾಂಕಿನ ಬಣ್ಣ, ಇಂಥವನ್ನು ನೆಚ್ಚಿಕೊಂಡೇ ಬದುಕಿದ್ದರು. ಮನೆಯ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕುವುದನ್ನು ಬಿಟ್ಟಿದ್ದರು. ಮಗ ಎಂದಾದರೂ ಬಂದರೆ ಕದ ತಟ್ಟುವ ಹಾಗಾಗಬಾರದು ಎಂದು.

ಆ ಪೇಂಟರು ಈಚೆಗೆ ಒಂದು ಮಧ್ಯಾಹ್ನ ಈ ಪುಸ್ತಕವನ್ನು ಟವೆಲಿನಲ್ಲಿ ಸುತ್ತಿಕೊಂಡು ಬಂದಿದ್ದರು. ಕಾಲೇಜು, ಹಾಸ್ಟೆಲು, ಕಲ್ಲುಹೊಂಡ, ಸತ್ತ ಗೆಳೆಯ. ಬರೆದವನು ಸುಳ್ಳು ಹೆಸರು ಇಟ್ಟುಕೊಂಡಿದ್ದ. ಕಥೆ ಹೇಳುವವನಿಗೆ ಹೆಸರೇ ಇಲ್ಲ, ಬರೀ ನಾನು. ಆದರೆ ಪೇಂಟರು ಒಂದು ಪುಟ ತೆಗೆದು ತೋರಿಸಿದ್ದರು. ಕಾಲೇಜಿನ ಗೇಟಿನ ಬೋರ್ಡಿನಲ್ಲಿ ಜಾಗ ಸಾಲದೆ ಕೊನೆಯ ಅಕ್ಷರವನ್ನು ಮಗುವಿನಷ್ಟು ಚಿಕ್ಕದಾಗಿ ಬರೆದಿತ್ತು ಎಂದು ಅಲ್ಲಿತ್ತು. ಆ ಬೋರ್ಡು ಬರೆದವರು ಅವರೇ. ಅಳತೆ ತಪ್ಪಿದ್ದಕ್ಕೆ ಮನೆಗೆ ಬಂದು ಊಟ ಬಿಟ್ಟಿದ್ದು ಮಗನಿಗೆ ಮಾತ್ರ ಗೊತ್ತು, ಆ ಅಕ್ಷರದ ಮಾತು ಇನ್ಯಾರಿಗೆ ಬರೆಯಬೇಕೆನಿಸುತ್ತದೆ ಎಂದಿದ್ದರು.

ಮಗ ಬದುಕಿದ್ದಾನೆ, ಬರೆದಿದ್ದಾನೆ. ಅವರಿಗೆ ಅದರಲ್ಲಿ ಅನುಮಾನ ಇರಲಿಲ್ಲ. ಅವರಿಗೆ ಬೇಕಾಗಿದ್ದದ್ದು ಬೇರೆ. ಪುಸ್ತಕದಲ್ಲಿ ಒಂದು ಕಡೆ 'ಅವನು ಜಾರಿದ' ಎಂದಿತ್ತು. ಇನ್ನೊಂದು ಕಡೆ 'ನಾನು ಕೈ ಬಿಟ್ಟೆ' ಎಂದಿತ್ತು. ಯಾವುದು ನಿಜ?

"ನೀವು ಸುಳ್ಳು ಹೇಳೋರನ್ನ ಬೇಕಾದಷ್ಟು ನೋಡಿದ್ದೀರಿ ಮೇಡಂ," ಎಂದಿದ್ದರು. "ತಳ್ಳಿದ್ದಾನೋ ಇಲ್ವೋ, ಅಷ್ಟು ಹೇಳಿ. ತಳ್ಳಿದ್ರೂ ನಾನು ಬಾಗಿಲು ಹಾಕೋನಲ್ಲ. ಗೊತ್ತಿರಬೇಕು, ಅಷ್ಟೇ."

ಮಗನನ್ನು ಹಾಸ್ಟೆಲಿಗೆ ಸೇರಿಸಿದ ದಿನದ ಮಾತನ್ನೂ ಅವರು ಆಗಲೇ ಆಡಿದ್ದರು. ಬೆಳಕು ಚೆನ್ನಾಗಿ ಬೀಳಲಿ ಎಂದು ಕಿಟಕಿಯ ಪಕ್ಕದಲ್ಲಿ ತಾವೇ ಹಾಸಿಗೆ ಬಿಚ್ಚಿ ಹಾಸಿಕೊಟ್ಟು ಬಂದಿದ್ದರಂತೆ.

ಆ ಮಾತು ಈಗ ಇನ್‌ಸ್ಪೆಕ್ಟರಮ್ಮನ ತಲೆಯೊಳಗೆ ಎದ್ದು ಕೂತಿತು. ಕಿಟಕಿ ಮೊದಲು ಮೌನಿಯದು. ಅದನ್ನು ಬಿಟ್ಟುಕೊಟ್ಟವನು ಮೌನಿ. ಇಸಿದುಕೊಂಡವನು ಗುಬ್ಬಿ. ಪುಸ್ತಕದ 'ನಾನು' ಇಸಿದುಕೊಂಡವನಾದರೆ, ಸತ್ತುಹೋಗಿದ್ದಾನೆಂದು ಇಷ್ಟು ವರ್ಷ ನಂಬಿದ ಗುಬ್ಬಿ ಕೂತು ಕಾದಂಬರಿ ಬರೆದ ಹಾಗಾಯಿತು. ಗೇಟಿನ ಆ ಚಿಕ್ಕ ಅಕ್ಷರವನ್ನು ದಿನಾ ಅವನೂ ನೋಡಿರುತ್ತಾನೆ.

"ಆಟೋ ಕರಿ," ಎಂದರು ಸೊಸೆಗೆ. "ಲಾಂಡ್ರಿಯವನ ಹತ್ರ ಹೋಗ್ಬರೋಣ."

ಡಾಕ್ಟರು ಏನು ಹೇಳಿದ್ದಾರೆ ಎಂದು ಸೊಸೆ ನೆನಪಿಸಿದಳು. ಓದಬೇಡ ಅಂದಿದ್ದಾರೆ, ಕೂತು ಹೋಗಬೇಡ ಅಂದಿಲ್ಲ ಎಂದರು ಅತ್ತೆ. ಹೋಗುವ ಮೊದಲು ಕಣ್ಣಿಗೆ ಹನಿ ಹಾಕಿಸಿಕೊಳ್ಳುವುದಕ್ಕೆ ಮಾತ್ರ ಒಪ್ಪಿದರು.

* * *

ಹಾಸ್ಟೆಲಿನ ಬಟ್ಟೆ ಒಗೆಯುತ್ತಿದ್ದವನಿಗೆ ಈಗ ಸ್ವಂತ ಅಂಗಡಿ. ಮಕ್ಕಳು ಮೆಷಿನ್ ಹಾಕಿಸಿದ್ದರು. ಆತ ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತು ಬಂದವರಿಗೆಲ್ಲ ಮೆಷಿನ್ನು ಬಟ್ಟೆಯ ಜೀವ ತೆಗೆಯುತ್ತದೆ ಎಂದು ಹೇಳುತ್ತಿದ್ದ. ಒಳಗಿಂದ ಮಗ, ಅಪ್ಪಾ ವ್ಯಾಪಾರ ಕೆಡಿಸಬೇಡ ಎಂದು ಕೂಗುತ್ತಿದ್ದ.

ಕೆಂಪು ದಾರದ ಗುರುತು ಹೇಗೆ ಹಾಕುತ್ತಿದ್ದೆ ಎಂದು ಕೇಳಿದರೆ ಆತನಿಗೆ ಖುಷಿಯಾಯಿತು. ಹುಡುಗರ ಹೆಸರು ಕಟ್ಟಿಕೊಂಡು ತನಗೇನಾಗಬೇಕಿತ್ತು ಎಂದ. ಹೆಸರು ಬದಲಾಗುತ್ತದೆ, ಒಂದೇ ಹೆಸರಿನವರು ಬೇಕಾದಷ್ಟು ಜನ ಇರುತ್ತಾರೆ. ಮಂಚ ಎಲ್ಲಿಗೆ ಹೋಗುತ್ತದೆ? ಅದಕ್ಕೇ ಮಂಚಕ್ಕೊಂದು ಗುರುತು. ಕೋಣೆಗೆ ಅಡ್ಡ ಗೆರೆ, ಮಂಚಕ್ಕೆ ಉದ್ದ ಗೆರೆ. ಉದ್ದ ಗೆರೆ ಒಂದಿದ್ದರೆ ಬಾಗಿಲು, ಎರಡಿದ್ದರೆ ಕಿಟಕಿ. ಕಾಲೇಜು ಶುರುವಾದ ವಾರ ಕೋಣೆಕೋಣೆಗೆ ಹೋಗಿ ಯಾರು ಎಲ್ಲಿ ಮಲಗಿದ್ದಾರೆಂದು ನೋಡಿಕೊಂಡು ಅವರವರ ಬಟ್ಟೆಗೆಲ್ಲ ಹೊಲಿದುಬಿಟ್ಟರೆ ವರ್ಷವಿಡೀ ಯೋಚನೆ ಇಲ್ಲ.

"ನಡುವೆ ಹುಡುಗರು ಮಂಚ ಬದಲಾಯಿಸಿಕೊಂಡರೆ?"

"ಬದಲಾಯಿಸ್ಕೊಳ್ಳಲಿ ಬಿಡಿ. ಹೊಲಿದದ್ದನ್ನ ಬಿಚ್ಚಿ ಮತ್ತೆ ಹೊಲಿಯೋಕೆ ನನಗೆ ಬೇರೆ ಕೆಲಸ ಇರ್ಲಿಲ್ವಾ? ಅವರವರ ಗುರುತು ಅವರವರಿಗೆ ಗೊತ್ತಿರ್ತಿತ್ತು, ನೋಡಿ ತಗೊಂಡು ಹೋಗೋರು."

"ಪೊಲೀಸರು ಬಂದಾಗ ಏನು ಕೇಳಿದ್ರು?"

"ಇದು ಯಾವ ಗುರುತು ಅಂದ್ರು. ಕಿಟಕಿ ಪಕ್ಕದ ಮಂಚ ಅಂದೆ. ಸರಿ ಅಂದ್ಕೊಂಡು ವಾರ್ಡನ್ ಹತ್ರ ಹೋದ್ರು."

ಅಷ್ಟೇ. ಆತ ಹೇಳಿದ್ದೂ ನಿಜ, ವಾರ್ಡನ್ನು ಹೇಳಿದ್ದೂ ನಿಜ. ಕಿಟಕಿ ಪಕ್ಕ ಯಾರು ಮಲಗುತ್ತಾರೆ ಎಂದು ಕೇಳಿದ್ದಕ್ಕೆ ವಾರ್ಡನ್ನು ಆಗ ಮಲಗುತ್ತಿದ್ದ ಗುಬ್ಬಿಯ ಹೆಸರು ಹೇಳಿದ್ದ. ದಾರ ಹೊಲಿದ ದಿನ ಅಲ್ಲಿ ಮಲಗುತ್ತಿದ್ದವನು ಯಾರು ಎಂದು ಯಾರಿಗೂ ಕೇಳಬೇಕೆನಿಸಿರಲಿಲ್ಲ. ಎರಡು ನಿಜ ಸೇರಿಕೊಂಡು ಮೌನಿಯ ತಲೆಯ ಮೇಲೆ ಕೊಲೆ ಹೊರಿಸಿಬಿಟ್ಟಿದ್ದವು.

ಆಟೋದಲ್ಲಿ ಸೊಸೆ ಪುಸ್ತಕದ ರಟ್ಟಿನ ಮೇಲೆ ಬೆರಳಿನಿಂದ ಆ ಗೆರೆಗಳನ್ನು ಎಳೆದು ನೋಡಿದಳು. ಆಮೇಲೆ, ಹಾಸ್ಟೆಲಿನಲ್ಲಿ ಒಬ್ಬರ ಅಂಗಿ ಒಬ್ಬರು ಹಾಕಿಕೊಳ್ಳುವುದು ಇದ್ದದ್ದೇ ಅಲ್ಲವೇ, ಮೌನಿಯ ಅಂಗಿಯನ್ನು ಗುಬ್ಬಿಯೇ ಹಾಕಿಕೊಂಡಿದ್ದರೆ ಎಂದಳು. ಅವಳಿಗೆ ಪೇಂಟರ ಮುಖ ಕಣ್ಣ ಮುಂದೆ ಬಂದಿತ್ತು. ಮಗ ಕೊಲೆಗಾರನಲ್ಲ ಎಂದು ಗೊತ್ತಾಗಬೇಕಾದರೆ ಅವನು ಬದುಕಿಲ್ಲ ಎಂದೂ ಗೊತ್ತಾಗಬೇಕು.

"ನಾನೂ ಅದನ್ನೇ ಆಸೆಪಟ್ಟೆ," ಎಂದರು ಇನ್‌ಸ್ಪೆಕ್ಟರಮ್ಮ. "ಆ ಅಂಗಿನ ಕೈಲಿ ಹಿಡಿದು ನೋಡಿದೋರು ಒಬ್ರಿದ್ದಾರೆ. ಅಲ್ಲಿಗೇ ಹೋಗು ಅನ್ನು."

* * *

ಗುಬ್ಬಿಗೆ ಅಪ್ಪ ಅಮ್ಮ ಇರಲಿಲ್ಲ. ಅಕ್ಕ ಬಟ್ಟೆ ಹೊಲಿದು ಅವನನ್ನು ಓದಿಸಿದ್ದಳು. ಈಗಲೂ ಅದೇ ಅಂಗಡಿ, ದವಸದ ಅಂಗಡಿಯ ಮೇಲಿನ ಒಂದು ಕೋಣೆ. ಮೆಟ್ಟಿಲು ಕಡಿದಾಗಿತ್ತು. ಇನ್‌ಸ್ಪೆಕ್ಟರಮ್ಮ ಸೊಸೆಯ ಮೊಳಕೈ ಹಿಡಿದು ಒಂದೊಂದೇ ಹತ್ತಿದರು.

ಟೈಲರಕ್ಕ ಮೆಷಿನ್ನಿನ ಮುಂದೆ ಕೂತಿದ್ದರು. ಕೊರಳಲ್ಲಿ ಟೇಪು, ಕಿವಿಯ ಹಿಂದೆ ಬಟ್ಟೆ ಗುರುತು ಮಾಡುವ ಸೀಮೆಸುಣ್ಣ. ಕಾಲು ಪೆಡಲಿನ ಮೇಲಿದ್ದರೂ ಮೆಷಿನ್ ಓಡುತ್ತಿರಲಿಲ್ಲ. ಸೂಜಿಯ ಕೆಳಗೆ ತಿಳಿನೀಲಿ ಬಣ್ಣದ ಅಂಗಿಯೊಂದು ಅರ್ಧಕ್ಕೆ ನಿಂತಿತ್ತು. ಬಂದವರನ್ನು ನೋಡಿ ಅವರು ಎದ್ದು ಸ್ಟೂಲು ಒರೆಸಿ ಕೊಟ್ಟರು. ಕಣ್ಣಿಗೇನಾಯಿತು ಎಂದು ಕೇಳಿದರು. ಪೊರೆ ಎಂದದ್ದಕ್ಕೆ, ತನಗೂ ಈಗ ಸೂಜಿಗೆ ದಾರ ಪೋಣಿಸುವಾಗ ಎರಡೆರಡು ಕಾಣುತ್ತದೆ ಎಂದರು. ಕೆಳಗಿನಿಂದ ಟೀ ತರಿಸುತ್ತೇನೆಂದರು. ಇನ್‌ಸ್ಪೆಕ್ಟರಮ್ಮ ಬೇಡ ಎನ್ನಲಿಲ್ಲ. ಕೇಳಬಾರದ ಮಾತು ಕೇಳಲು ಬಂದವರು ಟೀ ಬೇಡ ಎನ್ನುವುದು ಒರಟಾಗುತ್ತದೆ.

ಲೋಟಗಳು ಖಾಲಿಯಾದವು. ಇನ್‌ಸ್ಪೆಕ್ಟರಮ್ಮ ಕೇಳಿದರು.

"ಪೊಲೀಸರು ಆವತ್ತು ಒಂದು ಅಂಗಿ ತೋರಿಸಿದ್ರಲ್ಲ. ಅದು ನೀನು ಹೊಲಿದದ್ದೇ ತಾನೇ?"

"ಹೌದು ಅಂತ ಆಗ್ಲೇ ಹೇಳಿದ್ದೀನಿ."

"ಆಗ ಹೇಳಿದ್ದೆ. ಈಗ ಕೇಳ್ತಿದ್ದೀನಿ."

ಟೈಲರಕ್ಕ ಕತ್ತರಿ ಎತ್ತಿಕೊಂಡರು, ಅದರ ಬಾಯಿಯನ್ನು ಒಮ್ಮೆ ತೆರೆದು ಮುಚ್ಚಿ ಕೆಳಗಿಟ್ಟರು. ತಮ್ಮನ ಅಂಗಿಯನ್ನು ತಾನಲ್ಲದೆ ಮತ್ಯಾರು ಹೊಲಿಯುತ್ತಾರೆ, ಅದರಲ್ಲಿ ಕೇಳುವುದೇನಿದೆ ಎಂದರು. ದನಿ ಸಮವಾಗಿತ್ತು. ಬಹಳ ಸಲ ಒಳಗೊಳಗೇ ಹೇಳಿ ನುಣುಪಾದ ಮಾತಿನ ಹಾಗಿತ್ತು.

ಇನ್‌ಸ್ಪೆಕ್ಟರಮ್ಮ ಜೋರು ಮಾಡಲಿಲ್ಲ. ಮಂಚದ ವಿಷಯ ಹೇಳಿದರು, ದಾರದ ವಿಷಯ ಹೇಳಿದರು, ಪುಸ್ತಕದ ಸಾಲುಗಳನ್ನು ಸೊಸೆಯಿಂದ ಓದಿಸಿದರು. ಕೇಳುತ್ತ ಕೇಳುತ್ತ ಟೈಲರಕ್ಕನ ಕೈ ಕೊರಳಿನ ಟೇಪಿನ ತುದಿಯನ್ನು ಬೆರಳಿಗೆ ಸುತ್ತುತ್ತಿತ್ತು, ಬಿಚ್ಚುತ್ತಿತ್ತು.

ಮಾತನಾಡುವಾಗ ಇನ್‌ಸ್ಪೆಕ್ಟರಮ್ಮನ ಕೈ ಆಧಾರಕ್ಕೆಂದು ಮೆಷಿನ್ನಿನ ಹಲಗೆಯ ಮೇಲೆ ಬಿದ್ದಿತ್ತು, ಆ ನೀಲಿ ಅಂಗಿಯ ಮೇಲೆ. ಕಣ್ಣು ಮಸುಕಾದಾಗ ಬೆರಳು ಚುರುಕಾಗುತ್ತದೆಯೋ ಏನೋ. ಅವರು ಬಲಗಡೆಯ ಭುಜ ಮುಟ್ಟಿದರು. ಎಡಗಡೆಯದನ್ನು ಮುಟ್ಟಿದರು. ಮತ್ತೆ ಬಲಗಡೆಯದು.

"ಎಡಗಡೆ ದಪ್ಪ ಇದೆಯಲ್ಲ?"

ಟೈಲರಕ್ಕ ಅಂಗಿಯ ತುದಿಯನ್ನು ತಮ್ಮ ಕಡೆಗೆ ಎಳೆದುಕೊಂಡರು.

"ತಪ್ಪಿ ಹೀಗೆ ಹೊಲಿಯೋಳಲ್ಲ ನೀನು. ಏನಿದು?"

ಕೆಳಗಿನ ಅಂಗಡಿಯಲ್ಲಿ ಯಾರೋ ಮೂಟೆ ಇಳಿಸಿದರು. ನೆಲ ಸ್ವಲ್ಪ ನಡುಗಿತು. ಟೈಲರಕ್ಕ ಆ ಸದ್ದು ಪೂರ್ತಿ ಅಡಗುವವರೆಗೂ ಕಾದು, ಆಮೇಲೆ ತಾವಾಗಿಯೇ ಹೇಳತೊಡಗಿದರು.

ತಮ್ಮ ಚಿಕ್ಕವನಿದ್ದಾಗ ಜಾರುಬಂಡೆಯಿಂದ ಬಿದ್ದು ಎಡ ಭುಜದ ಮೂಳೆ ಮುರಿದುಕೊಂಡಿದ್ದ. ಕೂಡಿದ್ದು ಸರಿಯಾಗಿ ಕೂಡಲಿಲ್ಲ. ಒಂದು ಭುಜ ತಗ್ಗಾಗಿ ಉಳಿಯಿತು. ಶಾಲೆಯಲ್ಲಿ ಹುಡುಗರು ತಕ್ಕಡಿ ಎಂದು ಹಂಗಿಸುತ್ತಿದ್ದರು. ಆಗ ಅಕ್ಕ ಅಂಗಿಯ ಎಡ ಭುಜದೊಳಗೆ ಕಾಣದ ಹಾಗೆ ಒಂದು ಪದರ ಬಟ್ಟೆ ಇಟ್ಟು ಹೊಲಿದುಕೊಟ್ಟಿದ್ದಳು. ಹಾಕಿಕೊಂಡು ಕನ್ನಡಿ ಮುಂದೆ ನಿಂತು, ಅಕ್ಕಾ ನಾನು ನೆಟ್ಟಗಾದೆ ಎಂದಿದ್ದನಂತೆ. ಅಂದಿನಿಂದ ಅವನ ಯಾವ ಅಂಗಿಯೂ ಆ ಪದರವಿಲ್ಲದೆ ಈ ಮೆಷಿನ್ನಿಂದ ಇಳಿದದ್ದಿಲ್ಲ. ಪದರವಿಲ್ಲದ ಬೇರೆಯವರ ಅಂಗಿಯನ್ನು ಅವನು ಮೈಗೆ ಹಾಕಿಕೊಂಡದ್ದೂ ಇಲ್ಲ.

"ಪೊಲೀಸರು ತೋರಿಸಿದ ಅಂಗಿಯಲ್ಲಿ ಆ ಪದರ ಇತ್ತಾ?"

ಅವರು ತಲೆ ಆಡಿಸಿದರು. ಆಮೇಲೆ, ಪಟ್ಟಿ ಕಟ್ಟಿಕೊಂಡು ಕೂತವರಿಗೆ ಕಾಣದೇ ಹೋದೀತೆಂದು ಬಾಯಿಬಿಟ್ಟೂ ಹೇಳಿದರು.

"ಇರ್ಲಿಲ್ಲ."



ಆ ಅಂಗಿಯನ್ನು ಮೇಜಿನ ಮೇಲೆ ಹಾಸಿದ ಕೂಡಲೇ ಕೈ ತಾನಾಗಿ ಎಡ ಭುಜಕ್ಕೆ ಹೋಯಿತು ಎಂದರು ಟೈಲರಕ್ಕ. ಪದರ ಸಿಗಲಿಲ್ಲ. ಒಂದು ಗಳಿಗೆ ಪ್ರಾಣ ಬಂದ ಹಾಗಾಯಿತು, ನನ್ನ ಗುಬ್ಬಿ ಅಲ್ಲ, ನನ್ನ ಗುಬ್ಬಿ ಬದುಕಿದ್ದಾನೆ ಎಂದು. ಮರುಗಳಿಗೆಗೆ ಮೇಜಿನ ಆಚೆ ನಿಂತ ಪೊಲೀಸಿನವರು ತಮ್ಮತಮ್ಮಲ್ಲಿ ಆಡಿದ ಮಾತು ಕಿವಿಗೆ ಬಿತ್ತು. ಒಬ್ಬ ಸತ್ತಿದ್ದಾನೆ, ಸಿಗದೇ ಹೋದವನೇ ಕೊಂದಿದ್ದಾನೆ, ಇವತ್ತಲ್ಲ ನಾಳೆ ಹಿಡಿಯುತ್ತೇವೆ ಎಂದು ಅವರು ಹೇಳಿಕೊಳ್ಳುತ್ತಿದ್ದರು.

"ಇವನದ್ದಲ್ಲ ಅಂದ್ರೆ ಇವನನ್ನೇ ಹುಡುಕ್ತಾರೆ ಅಂತ ಹೊಳೀತು ಮೇಡಂ. ಹೌದು ಅಂದೆ. ಒಂದೇ ಮಾತು. ಸತ್ತೋನನ್ನ ಯಾರು ಹಿಡೀತಾರೆ?"

"ಇನ್ನೊಬ್ಬರ ಮನೆ ಹುಡುಗನ್ನ ಹಿಡೀಬಹುದಲ್ಲ."

"ಅವನು ಸತ್ತುಹೋಗಿದ್ನಲ್ಲ ಮೇಡಂ. ಅವನಿಗಿನ್ನೇನಾಗುತ್ತೆ ಅಂದ್ಕೊಂಡೆ. ಅವನಿಗೆ ಅಪ್ಪ ಇದ್ದಾರೆ ಅನ್ನೋದು ಆಮೇಲೆ ಗೊತ್ತಾಯ್ತು."

ಸ್ವಲ್ಪ ತಡೆದು ಸೇರಿಸಿದರು. "ಅವರ ಮುಖ ನೋಡಿದ ಮೇಲೆ ಹೇಳೋಕೆ ಬಾಯೇ ಬರ್ಲಿಲ್ಲ. ಏನಂತ ಹೇಳ್ಲಿ? ನಿಮ್ಮ ಮಗ ಕೊಲೆಗಾರ ಅಲ್ಲ, ಹೆಣ ಅಂತಲಾ?"

ಪೇಂಟರ ಮೈಮೇಲಿನ ಅಂಗಿಗಳು ಅವರ ಸಂಪಾದನೆಗೆ ಹೊಂದದಷ್ಟು ಚೆನ್ನಾಗಿರುತ್ತಿದ್ದವು. ಕಾಲರು ಒಂದು ಎಳೆ ಅತ್ತಿತ್ತ ಇರುತ್ತಿರಲಿಲ್ಲ. ಯಾರು ಹೊಲಿದದ್ದು ಎಂದು ಒಮ್ಮೆ ಕೇಳಿದ್ದಕ್ಕೆ, ಆ ಮಗು ಪಾಪ, ತಮ್ಮನನ್ನು ಕಳೆದುಕೊಂಡವಳು, ನನ್ನ ಮೇಲೆ ಹಗೆ ಸಾಧಿಸಬೇಕಾದವಳು, ವರ್ಷಾವರ್ಷ ತಾನೇ ಕರೆದು ಹೊಲಿದುಕೊಡುತ್ತಾಳೆ ಎಂದು ಪೇಂಟರು ಕಣ್ಣು ಒರೆಸಿಕೊಂಡಿದ್ದರು. ಇನ್‌ಸ್ಪೆಕ್ಟರಮ್ಮನಿಗೆ ಅದು ನೆನಪಾಯಿತು. ಅವರು ಅದನ್ನು ಇಲ್ಲಿ ಎತ್ತಲಿಲ್ಲ. ಕೂತವಳ ಮೇಲೆ ಅಷ್ಟು ಹೊರೆ ಸಾಕಾಗಿತ್ತು.

"ತಮ್ಮ ಯಾವತ್ತಾದರೂ ಬಂದಿದ್ನಾ? ಫೋನು, ಕಾಗದ, ಏನಾದರೂ?"

ಇಲ್ಲ ಎಂದರು ಟೈಲರಕ್ಕ. ಮೊದಲ ವರ್ಷಗಳಲ್ಲಿ ಮೆಟ್ಟಿಲ ಮೇಲೆ ಸದ್ದಾದಾಗಲೆಲ್ಲ ಪೆಡಲು ನಿಲ್ಲಿಸುತ್ತಿದ್ದರಂತೆ. ಆಮೇಲೆ ಅದೂ ನಿಂತಿತು. ಬದುಕಿಲ್ಲವೇನೋ ಎಂದುಕೊಂಡದ್ದೂ ಉಂಟು. ಅದನ್ನು ಹೇಳುವಾಗ ಅವರು ಇನ್‌ಸ್ಪೆಕ್ಟರಮ್ಮನನ್ನು ನೇರ ನೋಡಿದರು. ಆ ಮಾತು ನಿಜವೆಂದು ಇನ್‌ಸ್ಪೆಕ್ಟರಮ್ಮನಿಗೆ ಅನ್ನಿಸಿತು.

ಹಾಗಾದರೆ ಕೈಯ ಕೆಳಗಿನ ಈ ಅಂಗಿ?

"ಇದು ಯಾರದ್ದು?"

"ಪೇಂಟರ್ ಮಾಮಂದು."

"ಅವರ ಭುಜ ನೆಟ್ಟಗಿದೆ."

"ಅವರಿಗಲ್ಲ ಮೇಡಂ. ಅವರ ಮಗನಿಗಂತೆ. ನಾಳೆ ಬರ್ತಾನಂತೆ."

ಸೊಸೆಯ ಮಡಿಲಿನಿಂದ ಪುಸ್ತಕ ಜಾರಿ ನೆಲಕ್ಕೆ ಬಿತ್ತು. ಅವಳು ಎತ್ತಿಕೊಳ್ಳಲಿಲ್ಲ.

ಪೇಂಟರು ಯಾರಿಗೂ ಹೇಳದೆ ಪುಸ್ತಕ ಅಚ್ಚು ಹಾಕಿಸಿದವರ ವಿಳಾಸಕ್ಕೆ ಹೋಗಿ ಕೂತಿದ್ದರಂತೆ. ಬರೆದವನ ಗುಟ್ಟು ಬಿಡುವುದಿಲ್ಲ ಎಂದರೂ ಎದ್ದಿರಲಿಲ್ಲವಂತೆ. ಕಡೆಗೆ ಅಲ್ಲಿದ್ದವರು ಮರುಗಿ ಬರೆದವನಿಗೆ ಸುದ್ದಿ ಮುಟ್ಟಿಸಿದ್ದರು. ಮೊನ್ನೆ ಅವನೇ ಪೇಂಟರಿಗೆ ಫೋನು ಮಾಡಿದ್ದ. ಬರುತ್ತೇನೆ ಎಂದಿದ್ದ. ಇಷ್ಟು ವರ್ಷದ ಮೇಲೆ ದನಿ ಗುರುತು ಹತ್ತುತ್ತದೆಯೇ, ಅದೂ ಫೋನಿನಲ್ಲಿ. ಪೇಂಟರಿಗೆ ಬೇರೇನೂ ತೋಚದೆ, ನಿನಗೊಂದು ಅಂಗಿ ಹೊಲಿಸಿಡುತ್ತೇನೆ, ಅಳತೆ ಹೇಳು ಎಂದಿದ್ದರು. ಎಲ್ಲಿ ಹೊಲಿಸುತ್ತೀರಿ ಎಂದು ಅವನು ಕೇಳಿದ. ಇವರು ಹೇಳಿದರು. ಆ ಕಡೆ ಬಹಳ ಹೊತ್ತು ಮಾತೇ ಇರಲಿಲ್ಲವಂತೆ.

"ಆಮೇಲೆ ಅಳತೆ ಹೇಳಿದನಂತೆ. ಎದೆ, ತೋಳು, ಉದ್ದ ಎಲ್ಲ. ಕೊನೇಲಿ, ಎಡ ಭುಜಕ್ಕೆ ಒಳಗೊಂದು ಪದರ ಬಟ್ಟೆ ಇಡೋಕೆ ಹೇಳಿ ಅಂದ್ನಂತೆ."

ಟೈಲರಕ್ಕನ ಬೆರಳು ಆ ಭುಜದ ಮೇಲೆ ಬಂದು ನಿಂತಿತು.

"ಪಾಪ, ಮಾಮ ನಕ್ಕೊಂಡು ಹೇಳಿದ್ರು. ನನ್ನ ಮಗನ ಭುಜ ನೆಟ್ಟಗಿತ್ತು ಕಣಮ್ಮ, ಪುಸ್ತಕ ಬರೆದೂ ಬರೆದೂ ಬಗ್ಗಿರಬೇಕು ಅಂತ. ನಾನು ಹೂಂ ಅಂದೆ. ಕತ್ತರಿಸ್ದೆ. ಎಡ ಭುಜ ಕೂಡಿಸೋವರೆಗೂ ಹೊಲಿದೆ. ಇಲ್ಲಿಗೆ ಬಂದ ಮೇಲೆ ಕಾಲು ಪೆಡಲು ತುಳೀತಾ ಇಲ್ಲ ಮೇಡಂ, ಬೆಳಿಗ್ಗೆಯಿಂದ."

ಇನ್‌ಸ್ಪೆಕ್ಟರಮ್ಮನಿಗೆ ಪುಸ್ತಕದ ಆ ಎರಡು ಮಾತು ಒಂದರ ಹಿಂದೊಂದು ಕೇಳಿಸಿದವು. ಅವನು ಜಾರಿದ. ನಾನು ಕೈ ಬಿಟ್ಟೆ. ಹಾಗೆ ಬರೆದವನು ಈಗ ಸತ್ತವನ ತಂದೆಯ ಮನೆಗೆ ಮಗನಾಗಿ ಬರಲು ಹೊರಟಿದ್ದಾನೆ. ಜೊತೆಗೇ ಅಕ್ಕನಿಗೆ ಒಂದು ಪದರ ಬಟ್ಟೆಯಲ್ಲಿ ತಾನಿರುವ ಸುದ್ದಿ ಕಳಿಸಿದ್ದಾನೆ. ಏಕೆ? ಪೇಂಟರಿಗೆ ನಾಳೆಯೊಳಗೆ ಹೇಳಬೇಕು. ಯಾವ ಬಾಯಿಂದ ಹೇಳುವುದು, ಯಾವ ಕಡೆಯಿಂದ ಶುರುಮಾಡುವುದು?

ಆಗ ಮೆಟ್ಟಿಲ ಮೇಲೆ ನಿಧಾನವಾದ ಹೆಜ್ಜೆ ಕೇಳಿಸಿತು. ಟೈಲರಕ್ಕನ ಕಾಲು ಹಳೆಯ ಅಭ್ಯಾಸದಂತೆ ಪೆಡಲಿನಿಂದ ಹಿಂದೆ ಸರಿಯಿತು.

ಬಂದವರು ಪೇಂಟರು. ಬೆರಳ ಸಂದಿನಲ್ಲಿ ಹಸಿ ಬಣ್ಣ. ಬೆಳಿಗ್ಗೆಯಿಂದ ಮನೆಯ ಬಾಗಿಲಿಗೆ ಬಣ್ಣ ಬಳಿಯುತ್ತಿದ್ದಿರಬೇಕು. ಮೇಲಿನ ಮೆಟ್ಟಿಲಲ್ಲಿ ಕಂಬ ಹಿಡಿದು ನಿಂತು ಉಸಿರು ತೆಗೆದುಕೊಂಡರು. ಇನ್‌ಸ್ಪೆಕ್ಟರಮ್ಮನನ್ನು ಅಲ್ಲಿ ಕಂಡು ಅವರಿಗೆ ಆಶ್ಚರ್ಯವಾದ ಹಾಗೆ ತೋರಲಿಲ್ಲ. ನೆಲದ ಮೇಲೆ ಬಿದ್ದಿದ್ದ ಕಪ್ಪು ಪುಸ್ತಕವನ್ನು ನೋಡಿದರು. ಬಗ್ಗಿ ಎತ್ತಿ, ಧೂಳು ಒರೆಸಿ, ಸೊಸೆಯ ಕೈಗೆ ಕೊಟ್ಟರು.

"ಅಂಗಿ ಆಯ್ತಾ ಕಣಮ್ಮ? ಆಗಿದ್ದಷ್ಟು ಕೊಟ್ಬಿಡು. ಒಂದು ದಿನ ಮುಂಚೇನೇ ಬಂದ."

"ಬಂದ್ನಾ?" ಟೈಲರಕ್ಕನ ದನಿ ಅರ್ಧವೇ ಹೊರಬಂತು.

"ಬಂದ. ಬಾಗಿಲು ತೆಗ್ದೇ ಇತ್ತು. ಒಳಗೆ ಬಂದು ಅಪ್ಪಾ ಅಂದ. ನಾನು ಹೂಂ ಅಂದೆ." ಅವರು ಕೈಯ ಬಣ್ಣವನ್ನು ನೋಡಿಕೊಂಡರು. ಆಮೇಲೆ ಇನ್‌ಸ್ಪೆಕ್ಟರಮ್ಮನ ಕಡೆ ತಿರುಗಿದರು.

"ಅನ್ನ ಹಾಕಿ ಕೂರಿಸಿ ಬಂದಿದ್ದೀನಿ ಮೇಡಂ. ಅಂಗಿ ತರ್ತೀನಿ ಅಂತ ಹೇಳಿದ್ದೀನಿ. ಉಣ್ತಿದ್ದಾನೆ, ಅಳ್ತಿದ್ದಾನೆ. ಅವನು ನನ್ನ ಮಗ ಅಲ್ಲ."